ಹುಟ್ಟಿದ ಹೊತ್ತಿಗೊಂದು ಪಾಸ್‌ವರ್ಡ್

ಜೋಯಿಸರ ಮನೆಯಲ್ಲಿದ್ದ ಕಂಪ್ಯೂಟರಿನ ಬಣ್ಣ ಮಾಸಲು ಬಿಳಿ. ಹೀಗೆಂದು ಬರೆದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರುಗಳೆಲ್ಲ ಮಾಸಲು ಬಿಳಿಯೇ ಆಗಿದ್ದವು. ಹಾಗಾದರೆ ಇದು ನೆನಪೋ, ಊಹೆಯೋ? ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನಿಗೆ ಅಂಟುವ ಚಾಳಿ ಇದು. ನನ್ನ ನೆನಪನ್ನೇ ಕಟಕಟೆಗೆ ಹತ್ತಿಸಿ ನಿಲ್ಲಿಸುತ್ತೇನೆ. ಆದರೆ ಆ ಕೋಣೆಯಲ್ಲಿ ನನಗಾಗುತ್ತಿದ್ದ ಉತ್ಸಾಹ ಮಾತ್ರ ಯಾವ ಪಾಟೀಸವಾಲಿಗೂ ಜಗ್ಗುವುದಿಲ್ಲ. ಹಲಸೂರು ಬಜಾರಿನಿಂದ ಅವರ ಗಲ್ಲಿಗೆ ಮೊಪೆಡ್ ತಿರುಗಿಸುವಾಗಲೇ ಕೈಬೆರಳುಗಳು ಕೀಲಿಮಣೆ ಹುಡುಕುತ್ತಿದ್ದವು.

ಆಗ ನಾನು ಇಂದಿರಾನಗರದ ಒಂದು ತರಬೇತಿ ಸಂಸ್ಥೆಯಲ್ಲಿ ಸಂಜೆ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಹಗಲು, ಯಾರು ಕರೆದರೆ ಅವರಲ್ಲಿಗೆ ಹೋಗಿ ಕಂಪ್ಯೂಟರ್ ಸರಿಮಾಡುತ್ತಿದ್ದೆ. ಎರಡರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ರಾಮಮೂರ್ತಿ ನಗರದ ಬಾಡಿಗೆ ಮನೆಯಿಂದ ಹೊರಟು ಹಳೇ ಮದ್ರಾಸ್ ರಸ್ತೆಯ ಧೂಳು ಕುಡಿಯುತ್ತ, ಇವತ್ತಾದರೂ ಹೊಸದೇನಾದರೂ ಸಿಕ್ಕೀತೇ ಎಂದು ಹಂಬಲಿಸುತ್ತಿದ್ದವನು. ಜೋಯಿಸರ ಮನೆಗೆ ಮೊದಲು ಹೋದದ್ದು ವೈರಸ್ ಬಿಡಿಸಲು. ಅಲ್ಲಿ ನೋಡಿದರೆ ನನ್ನ ಪಾಠಗಳಲ್ಲಿ ಒಣಗಿ ಬಿದ್ದಿದ್ದ ಪ್ರಶ್ನೆಗಳೆಲ್ಲ ಜೀವ ತಳೆದು ಕೂತಿದ್ದವು.

ಬೆಂಗಳೂರಿನ ಪೂರ್ವ ದಿಕ್ಕಿನ ಹಳೆಯ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹೊತ್ತು ಬರೆಸಲು ಜೋಯಿಸರ ಹತ್ತಿರ ಬರುತ್ತಿದ್ದರು. ಆ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಉಳಿದಷ್ಟನ್ನು ಅವರ ಸೊಸೆ ಕಂಪ್ಯೂಟರಿಗೆ ಹಾಕಿದರು. ಹಾಳೆಗಳು ಒಲೆಗೆ ಹೋದವು. ಜಾತಕ ಹಾಕುವ ಸಾಫ್ಟ್‌ವೇರ್ ಒಂದನ್ನು ಕೊಂಡಿದ್ದರು. ಅದು ಗ್ರಹಗಳ ಲೆಕ್ಕದಲ್ಲಿ ಚುರುಕು, ಗುಟ್ಟಿನ ವಿಷಯದಲ್ಲಿ ಶುದ್ಧ ಬಾಯಿಬಡುಕ. ಮುಂದೆ ಯಾರೇ ಕೂತರೂ ಯಾರ ಜಾತಕ ಬೇಕಾದರೂ ತೆರೆದು ತೋರಿಸುತ್ತಿತ್ತು.

“ಬ್ರೋಕರ್‌ಗಳು ನನ್ನ ಬೆನ್ನ ಹಿಂದೆ ನಿಂತ್ಕೊಂಡು ಓದ್ಕೊಂಡು ಹೋಗ್ತಾರೆ ಸಾರ್. ಯಾರ ಮನೇಲಿ ವಯಸ್ಸಿಗೆ ಬಂದಿರೋ ಹುಡ್ಗಿ ಇದ್ದಾಳೆ, ಯಾವ ನಕ್ಷತ್ರ, ಎಲ್ಲಾ ಬಾಯಿಪಾಠ. ಏನಾದ್ರೂ ಮಾಡಿ,” ಎಂದರು ಸೊಸೆ.

ನಾನು ಮಾಡಿದೆ. ಯಾರೂ ಕೇಳದಷ್ಟು ಮಾಡಿದೆ! ಆ ಸಾಫ್ಟ್‌ವೇರಿನ ಮುಂದೆ ಬಾಗಿಲಿನ ಹಾಗೆ ನಿಲ್ಲುವ ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಯಾರು ನೋಡಬಹುದು, ಯಾರು ಹೊಸದು ಬರೆಯಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು. ಈ ನಾಲ್ಕು ಪ್ರಶ್ನೆ ಕೇಳುತ್ತ ಹೋದರೆ ಒಂದು ಮನೆಯ, ಒಂದು ಕಸುಬಿನ ಒಳಗೆಲ್ಲ ಕಾಣಿಸುತ್ತದೆ ಎಂದು ನನಗೆ ಹೊಳೆದದ್ದು ಆಗ. ಜೋಯಿಸರಿಗೆ ಒಂದು ಪಾಸ್‌ವರ್ಡ್, ಸೊಸೆಗೆ ಒಂದು. ಸೊಸೆ ಬರೆಯಬಹುದು, ತಿದ್ದುವ ಹಾಗಿಲ್ಲ.

“ಅಳಿಸೋ ಅಧಿಕಾರ ನಿಮಗೆ ಕೊಡ್ಲಾ ಗುರುಗಳೇ?” ಎಂದು ಕೇಳಿದೆ.

“ನನಗ್ಯಾಕಪ್ಪಾ? ಹುಟ್ಟಿದ್ದನ್ನ ಅಳಿಸೋಕೆ ನಾನೇನು ಯಮನಾ? ಯಾರಿಗೂ ಬೇಡ. ಅಪ್ಪ ಅಮ್ಮ ಬಂದು ಹೊತ್ತು ಬೇರೆ ಅಂದ್ರೆ ಹಳೇದರ ಕೆಳಗೆ ಹೊಸದು ಬರಿ. ಹಳೇದು ಹಳೇದರ ಪಾಡಿಗಿರ್ಲಿ.”

ಎರಡನೆಯ ಸಲ ಬಂದು ಹೊತ್ತು ತಿದ್ದಿಸುವವರು ಇದ್ದೇ ಇರುತ್ತಿದ್ದರು. ಆಸ್ಪತ್ರೆಯ ಗಡಿಯಾರ ಹಿಂದಿತ್ತು ಎನ್ನುವವರು, ಅಜ್ಜಿಯ ಪ್ರಕಾರ ಹಾಲಿನವನು ಬಂದುಹೋದ ಮೇಲೆ ಎನ್ನುವವರು. ನನಗೆ ಜಾತಕದಲ್ಲಿ ನಂಬಿಕೆಯಿಲ್ಲ. ಆದರೆ ಇಷ್ಟು ಅಲುಗಾಡುವ ನೆನಪಿನ ಮೇಲೆ ಇಷ್ಟು ನಿಖರವಾದ ಗಣಿತವನ್ನು ಕಟ್ಟುವ ಧೈರ್ಯ ಕಂಡು ರೋಮಾಂಚನವಾಗುತ್ತಿತ್ತು. ಜೋಯಿಸರು ನನ್ನನ್ನು ಬಾಗಿಲಲ್ಲೇ “ಬಾಪ್ಪಾ ನಾಸ್ತಿಕ, ಕಾಫಿಗೇನೂ ದೋಷ ಇಲ್ಲ, ಕುಡಿ” ಎಂದು ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಆ ಹುಡುಗಿ ಬಂದಳು. ಒಬ್ಬಳೇ ಬಂದಳು, ಜಾತಕದ ವಿಷಯಕ್ಕೆ ಹುಡುಗಿಯರು ಒಬ್ಬರೇ ಬರುವ ರೂಢಿ ಆ ಮನೆಯಲ್ಲಿರಲಿಲ್ಲ. ಕೃಷ್ಣರಾಜಪುರದ ಕಡೆಯ ಹಳೆಯ ಮನೆತನದವಳು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ನಾನು ಮೇಜಿನ ಕೆಳಗೆ ವೈರು ಜೋಡಿಸುತ್ತಿದ್ದವನು ಅಲ್ಲಿಂದಲೇ ಕೇಳಿಸಿಕೊಂಡೆ.

“ನನ್ನ ಜಾತಕ ನೋಡ್ಬೇಕಿತ್ತು.”

“ಅಮ್ಮನ್ನ ಕಳ್ಸಮ್ಮ,” ಎಂದರು ಜೋಯಿಸರು.

“ಅಮ್ಮ ನೋಡಿ ನೋಡೀನೇ ಹಿಂಗಾಗಿರೋದು. ಹುಟ್ಟಿದ್ದು ನಾನಲ್ವಾ ಜೋಯಿಸ್ರೇ?”

ಜೋಯಿಸರು ಸೊಸೆಗೆ ಕಣ್ಸನ್ನೆ ಮಾಡಿದರು. ತೆರೆಯ ಮೇಲೆ ಒಂದರ ಕೆಳಗೊಂದು ಎರಡು ದಾಖಲೆ ಬಂದವು. ಒಂದೇ ಹೆಸರು, ಒಂದೇ ದಿನ, ಒಂದೇ ನಕ್ಷತ್ರ. ಹೊತ್ತು ಮಾತ್ರ ಕೊಂಚ ಹಿಂದೆ ಮುಂದೆ. ಆ ಕೊಂಚದಲ್ಲೇ ಲಗ್ನ ಒಂದು ಮನೆ ಮುಂದಕ್ಕೆ ಹೋಗಿತ್ತು. ಮೊದಲನೆಯದರಲ್ಲಿ ಕುಜ ಏಳನೇ ಮನೆಯಲ್ಲಿ ಕೂತಿದ್ದ. ಮದುವೆಗೆ ಅದು ದೋಷ. ಅದನ್ನು ನೋಡಿ ಎಷ್ಟೋ ಸಂಬಂಧ ಮುರಿದಿದ್ದವು. ಎರಡನೆಯದರಲ್ಲಿ ಅವನು ಆರನೇ ಮನೆಗೆ ಸರಿದು ದೋಷ ಮಾಯವಾಗಿತ್ತು. ಅದನ್ನು ಬರೆಸಿದವರು ಅವಳ ತಾಯಿ.

ಅವಳು ಎರಡನ್ನೂ ಓದಿದಳು. “ಇದ್ರಲ್ಲಿ ನಾನು ಯಾವ್ದು?” ಎಂದಳು.

“ಅದು ನಿಮ್ಮಮ್ಮನಿಗೆ ಗೊತ್ತು. ಅಥವಾ ಅವ್ರಿಗೂ ಗೊತ್ತಿಲ್ಲ,” ಎಂದರು ಜೋಯಿಸರು.

“ಒಂದನ್ನ ಅಳಿಸ್ಬಿಡಿ.”

“ಯಾವ್ದನ್ನ?”

ಅವಳು ಬೆಂಚಿನ ಮೇಲೆ ಕುಸಿದು ಕೂತು ವಿಷಯ ಬಿಡಿಸಿ ಹೇಳಿದಳು. ಶಿವಾಜಿನಗರದ ಬಸ್ಸಿನಲ್ಲಿ ದಿನಾ ಇಂದಿರಾನಗರದಲ್ಲಿ ಹತ್ತುವ ಒಬ್ಬ ಹುಡುಗ. ಜಾತಿ ಒಂದೇ, ಊರು ಗದಗಿನ ಕಡೆ. ಇಬ್ಬರಿಗೂ ಇಷ್ಟ. ಅವನ ತಾಯಿಗೆ ಜಾತಕ ಬೇಕು. ಇವಳ ತಾಯಿ ಎರಡನೆಯ ಜಾತಕವನ್ನು ಆಗಲೇ ಕೊಟ್ಟು ಕಳಿಸಿಬಿಟ್ಟಿದ್ದಾರೆ. “ಆಯಮ್ಮ ವಿಚಾರಿಸ್ಕೊಂಡು ಇಲ್ಲಿಗೇ ಬಂದು ಎರಡೂ ನೋಡಿದ್ರೆ? ನಮ್ಮಮ್ಮ ಸುಳ್ಳಿ, ನಾನು ಸುಳ್ಳಿ, ಮುಗೀತು. ನಾನೇ ಹೇಳ್ಬೇಕು ಅವ್ರಿಗೆ. ಧೈರ್ಯ ಬಂದ ದಿನ ಹೇಳ್ತೀನಿ. ಅಷ್ಟರಲ್ಲಿ ಈ ಕಂಪ್ಯೂಟರ್ ಹೇಳ್ಬಾರ್ದು.”

ಸೊಸೆ ಸಮಾಧಾನ ಹೇಳಿದರು: “ನಾವು ಯಾರಿಗೂ ತೋರ್ಸಲ್ಲ ಬಿಡಮ್ಮ. ಪಾಸ್‌ವರ್ಡ್ ನಮ್ಮಿಬ್ಬರ ಹತ್ರಾನೇ ಇರೋದು.”

“ಅದೇ ಅಕ್ಕ ನಾನು ಹೇಳ್ತಿರೋದು. ನಿಮ್ಹತ್ರ ಇದೆ, ನನ್ಹತ್ರ ಇಲ್ಲ. ನಮ್ಮಂಗ್ಡೀಲಿ ಒಂದು ಬಿಲ್ ಕ್ಯಾನ್ಸಲ್ ಮಾಡ್ಬೇಕಂದ್ರೆ ಸೇಠ್ ಎದ್ದು ಬಂದು ಪಾಸ್‌ವರ್ಡ್ ಹೊಡೀಬೇಕು. ಒಂದು ಸೀರೆಗಿರೋ ಕಾವಲು ನನ್ನ ಹುಟ್ಟಿಗಿಲ್ವಾ?”

ನಾನು ಮೇಜಿನ ಕೆಳಗಿನಿಂದ ಎದ್ದ ರಭಸಕ್ಕೆ ತಲೆ ಹಲಗೆಗೆ ಬಡಿಯಿತು. ಯಾಕೆಂದರೆ ಅವಳು ಕೇಳಿದ ವಸ್ತುವನ್ನು ನಾನು ಆಗಲೇ ಮುಕ್ಕಾಲು ಮಾಡಿಟ್ಟಿದ್ದೆ! ಒಂದೊಂದು ದಾಖಲೆಗೂ ಬೇರೆ ಬೇರೆ ಬೀಗ. ಹುಟ್ಟಿದವರೇ ಪಾಸ್‌ವರ್ಡ್ ಕೊಡುವುದು. ಅದರ ಅಕ್ಷರಗಳನ್ನು ಹಿಡಿದು ಪ್ರೋಗ್ರಾಮು ಹುಟ್ಟಿದ ಹೊತ್ತಿನ ಅಂಕಿಗಳನ್ನು ಕಲಸಿಬಿಡುವುದು. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಅಂಕಿಗಳು ಮರಳಿ ಬರುತ್ತವೆ, ತಪ್ಪು ಕೊಟ್ಟರೆ ಕಸ ಬರುತ್ತದೆ. ಒಂದೇ ಹೆಸರಿಗೆ ಎಷ್ಟು ದಾಖಲೆಯಿದ್ದರೂ ಬೀಗ ತೆರೆಯುವ ತನಕ ಕಾಣುವುದು ಒಂದೇ ಸಾಲು. ಜೋಯಿಸರಿಗೂ ಗೊತ್ತಾಗದು, ಬರೆದ ನನಗೂ ಗೊತ್ತಾಗದು. ಇದು ಯಾರಿಗೆ ಬೇಕು ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ. ಈಗ ಉತ್ತರವೇ ಬೆಂಚಿನ ಮೇಲೆ ಬಂದು ಕೂತಿತ್ತು.

“ಮಾಡ್ಬಹುದಾ ಗುರುಗಳೇ?” ಎಂದೆ.

ಜೋಯಿಸರು ಬಹಳ ಹೊತ್ತು ಮೀಸೆ ನೇವರಿಸಿಕೊಂಡರು. ನಿಲ್ಲಿ, ಅವರಿಗೆ ಮೀಸೆ ಇತ್ತೇ? ಇರಲಿಲ್ಲವೆಂದು ಈಗ ಅನ್ನಿಸುತ್ತಿದೆ. ಏನನ್ನೋ ನೇವರಿಸಿಕೊಂಡರು. “ಅಳಿಸೋದಲ್ಲ ತಾನೇ? ಮುಚ್ಚಿಡೋದು. ಮುಚ್ಚಿಡೋಕೆ ಶಾಸ್ತ್ರ ಅಡ್ಡಿ ಇಲ್ಲ. ಹಾಕಪ್ಪ ಬೀಗ,” ಎಂದರು.

ಅವಳು ಅಂಗಡಿಗೆ ಫೋನು ಮಾಡಿ ಹೊಟ್ಟೆನೋವೆಂದು ಹೇಳಿ ಕೂತಳು. ನಾನು ಉಳಿದ ಕಾಲು ಭಾಗ ಬರೆದೆ. ಎರಡು ದಾಖಲೆಗೂ ಬೇರೆ ಬೇರೆ ಪಾಸ್‌ವರ್ಡ್ ಒತ್ತುವಾಗ ಜೋಯಿಸರು, ಸೊಸೆ, ನಾನು ಮೂವರೂ ಗೋಡೆಯ ಕಡೆಗೆ ತಿರುಗಿ ನಿಂತಿದ್ದೆವು. ತಿರುಗಿ ನೋಡಿದರೆ ತೆರೆಯ ಮೇಲೆ ಹೊತ್ತಿನ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು. ನನಗೆ ಕುಣಿಯಬೇಕೆನ್ನಿಸಿತು.

ಅವಳು ಕುಣಿಯುವ ಹಾಗಿರಲಿಲ್ಲ. “ಬೇರೆ ಕಡೆ ಕಾಪಿ ಇದ್ಯಾ ಸಾರ್?” ಎಂದಳು.

ನನ್ನ ಉತ್ಸಾಹ ಅಲ್ಲೇ ಒಂದು ಕ್ಷಣ ತಡವರಿಸಿತು. ಪ್ರತಿ ಶನಿವಾರ ನಾನೇ ಬಂದು ಎಲ್ಲ ದಾಖಲೆಗಳನ್ನೂ ಫ್ಲಾಪಿಗಳಿಗೆ ನಕಲು ಮಾಡಿಡುತ್ತಿದ್ದೆ. ಕಂಪ್ಯೂಟರ್ ಕೆಟ್ಟರೂ ಊರಿನ ಹುಟ್ಟು ಉಳಿಯಲಿ ಎಂದು. ಆ ಫ್ಲಾಪಿಗಳು ದೇವರ ಗೂಡಿನ ಕೆಳಗಿನ ಸಕ್ಕರೆ ಡಬ್ಬಿಯಲ್ಲಿದ್ದವು. ಅವುಗಳಲ್ಲಿ ಅವಳ ಎರಡೂ ಹೊತ್ತು ಬೀಗವಿಲ್ಲದೆ ಬಿದ್ದಿದ್ದವು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಡಬ್ಬಿ ತಂದು ಒಂದೊಂದನ್ನೂ ಅಳಿಸಿ ಹೊಸದಾಗಿ ನಕಲು ಮಾಡಿದೆ. ಕೊನೆಯ ಫ್ಲಾಪಿ ಹೊರಗೆ ಬರುವ ತನಕ ಅವಳು ಅಲುಗಲಿಲ್ಲ. “ಈಗ ಸರಿ,” ಎಂದು ಎದ್ದಳು.

“ಏನ್ ಹುಡ್ಗಿ ಮಾರಾಯಾ! ನಮ್ಮ ನಾಸ್ತಿಕನಿಗೇ ಬೆವರಿಳಿಸಿಬಿಟ್ಳು,” ಎಂದು ಜೋಯಿಸರು ಮನಸಾರೆ ನಕ್ಕರು.

ಧೈರ್ಯ ಬರುವುದಕ್ಕೆ ಮೊದಲೇ ಹುಡುಗನ ತಾಯಿ ಬಂದರು. ಆ ದಿನ ನಾನು ಅಲ್ಲಿದ್ದೆ. ಸೊಸೆ ಮಾತ್ರ, ನಾನು ಇರಲಿಲ್ಲ, ಆಮೇಲೆ ಬಂದೆ, ತಾವೇ ಎಲ್ಲ ವಿವರಿಸಿದ್ದು ಎಂದು ಬಹಳ ವರ್ಷ ವಾದಿಸಿದರು. ಇರಬಹುದು. ಆದರೆ ಆ ತಾಯಿ ಚಪ್ಪಲಿ ಕಳಚುವಾಗ ಹೊಸಿಲು ಹಿಡಿದುಕೊಂಡದ್ದು ಈಗಲೂ ಕಣ್ಣಮುಂದಿದೆ. ಅದನ್ನು ಸೊಸೆ ಹೇಳಿರಲಾರರು.

“ನಮಸ್ಕಾರ್ರಿ ಜೋಯಿಸರ. ಈ ಹುಡುಗಿ ಜಾತಕ ಇಲ್ಲೇ ಬರದದ್ದು ಅಂದ್ರು. ಇದು ಬರೋಬ್ಬರಿ ಐತೇನು, ನಿಮ್ಮ ಪೆಟಿಗ್ಯಾಗ ಒಮ್ಮೆ ನೋಡಿ ಹೇಳ್ರಿ,” ಎಂದು ಹಾಳೆ ಮುಂದಿಟ್ಟರು.

ಸೊಸೆ ಹೆಸರು ಒತ್ತಿದರು. ಹೊತ್ತಿನ ಜಾಗದಲ್ಲಿ ಗೋಜಲು. ಕೆಳಗೆ ಪಾಸ್‌ವರ್ಡ್ ಕೇಳುವ ಸಾಲು.

“ನನಗೂ ಪರ್ಮಿಷನ್ ಇಲ್ಲ ತಾಯಿ,” ಎಂದರು ಜೋಯಿಸರು. ಅಷ್ಟು ಸಂತೋಷದಿಂದ ಅವರು ತಮ್ಮ ಅಸಹಾಯಕತೆ ಹೇಳಿಕೊಂಡದ್ದನ್ನು ನಾನು ಮತ್ತೆ ಕಂಡಿಲ್ಲ. “ಹುಟ್ಟಿದೋಳೇ ಬೀಗ ಹಾಕ್ಕೊಂಡು ಹೋಗಿದ್ದಾಳೆ.”

“ಅಯ್ಯ! ಜೋಯಿಸರಿಗೆ ಜಾತಕ ತೋರಿಸದಂಥಾ ಪೆಟಿಗಿನೂ ಬಂತೇನ್ರಿ? ಹಂಗಾರ ಆಕಿ ಏನೋ ಮುಚ್ಚಿಟ್ಟಾಳ.”

“ಮುಚ್ಚಿಟ್ಟೋರೆಲ್ಲ ಕಳ್ಳರಲ್ಲಮ್ಮ. ನಿಮ್ಮ ಅನುಮಾನ ಏನು ಅದನ್ನ ಹೇಳಿ.”

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದರು. “ಅನುಮಾನ ಅಲ್ರಿ, ಅಂಜಿಕಿ. ಈ ಜಾತಕ ಭಾಳ ಚೊಕ್ಕ ಐತಿ, ಒಂದು ದೋಷ ಇಲ್ಲ. ನಮ್ಮ ಹುಡುಗಂದು ಎಂಟನೇ ಮನ್ಯಾಗ ಕುಜ ಐತ್ರಿ. ಅವಗೂ ಹೇಳಿಲ್ಲ ನಾನು. ಹುಡುಗಿಗೂ ಕುಜ ಇದ್ರ ದೋಷಕ್ಕ ದೋಷ ಕೂಡಿ ಎರಡೂ ಕಳದು ಹೋಗತಾವ. ಇಂಥಾ ಚೊಕ್ಕ ಹುಡುಗೀನ ಹ್ಯಾಂಗ ತರ್ಲಿ? ನಾಳೆ ಆಕಿಗೇನರ ಆದ್ರ ನಾನ ಕೊಂದಂಗ. ಬರದದ್ರಾಗ ಎಲ್ಲೆರ ತಪ್ಪಾಗೇತೇನು ನೋಡೂಣು ಅಂತ ಬಂದೆ. ತಪ್ಪಿಲ್ಲ ಅಂದ್ರ ಇವತ್ತ ಬ್ಯಾಡ ಅಂತ ಹೇಳಿಬಿಡ್ತೀನಿ.”

ಕೋಣೆಯಲ್ಲಿ ಮೂರು ಬಾಯಿಗಳು ಒಮ್ಮೆಲೇ ತೆರೆದು ಒಮ್ಮೆಲೇ ಮುಚ್ಚಿಕೊಂಡವು. ಆ ತಾಯಿಗೆ ಬೇಕಾದ ಕುಜ ಕಂಪ್ಯೂಟರಿನಲ್ಲೇ ಇದ್ದ! ಕೈಗೆಟುಕುವ ದೂರದಲ್ಲಿದ್ದ. ಮೂವರೂ ಅವನನ್ನು ಏಳನೇ ಮನೆಯಲ್ಲಿ ಕಣ್ಣಾರೆ ಕಂಡಿದ್ದೆವು. ದೇವರಾಣೆಗೂ ಗ್ರಹಗಳನ್ನು ನಂಬದ ನಾನು, ಆ ಗ್ರಹ ಇರುವ ಮನೆಯ ನಂಬರು ಕೂಗಿಬಿಡಲು ತುದಿಗಾಲಲ್ಲಿ ನಿಂತಿದ್ದೆ. ನಾನು ಬರೆದ ಬೀಗ ಕಂಪ್ಯೂಟರಿನದು. ನಮ್ಮ ತಲೆಗಳಿಗೆ ಯಾರೂ ಬೀಗ ಹಾಕಿರಲಿಲ್ಲ.

ಜೋಯಿಸರು ನನ್ನನ್ನು ನೋಡಿದ ನೋಟದಲ್ಲಿ ಆ ಬೀಗವೂ ಬಿತ್ತು. “ಹುಡುಗೀನ ಕರೆಸ್ತೀನಿ. ಅವ್ಳು ಬರೋ ತನಕ ಯಾರೂ ಏನೂ ಮಾತಾಡ್ಬಾರ್ದು. ನೀವೂ ನಿಮ್ಮ ಮಗನ ವಿಷ್ಯ ಎತ್ಬೇಡಿ ತಾಯಿ. ಅವ್ಳು ತೋರಿಸಿದ್ದನ್ನ ನೋಡಿ,” ಎಂದರು. ಸೊಸೆ ಅಂಗಡಿಗೆ ಫೋನು ಮಾಡಿ “ಅವರು ಬಂದಿದ್ದಾರೆ, ಬಾ” ಎಂದಷ್ಟೇ ಹೇಳಿ ಇಟ್ಟರು.

ಅವಳು ಆಟೋದಲ್ಲಿ ಬಂದಿಳಿದಳು. ಹುಡುಗನ ತಾಯಿಗೆ ಕೈಮುಗಿದಳು. ಕಂಪ್ಯೂಟರಿನ ಮುಂದೆ ಕೂತಳು. ಅವಳಿಗೆ ಏನೂ ಗೊತ್ತಿಲ್ಲ. ಚೊಕ್ಕದ್ದನ್ನು ಮಾತ್ರ ತೆರೆದರೆ ಮದುವೆ ಮುರಿಯುತ್ತದೆ ಎಂದು ಅವಳಿಗೆ ಗೊತ್ತಿಲ್ಲ; ದೋಷವಿದ್ದದ್ದನ್ನು ತೆರೆದರೆ ಮುರಿಯುತ್ತದೆ ಎಂದೇ ಅವಳು ತಿಳಿದಿರುವುದು. ನಾವು ಗೋಡೆಯ ಕಡೆ ತಿರುಗಿದೆವು. ಕೀಲಿಗಳ ಸದ್ದು.

ತೆರೆದದ್ದು ಎರಡನೆಯದು. ಚೊಕ್ಕದ್ದು.

ಹುಡುಗನ ತಾಯಿ ತಮ್ಮ ಹಾಳೆಯೊಂದಿಗೆ ಹೋಲಿಸಿ ನೋಡಿ ಮಡಚಿದರು. “ಆತು ಬಿಡವ್ವ. ಎಲ್ಲಾ ಬರೋಬ್ಬರಿ ಐತಿ,” ಎಂದು ಮಂಡಿಯ ಮೇಲೆ ಕೈಯೂರಿ ಏಳತೊಡಗಿದರು. ಅಷ್ಟು ದುಃಖದಿಂದ ಸರಿಯಿದೆ ಎಂದವರನ್ನು ನಾನು ಕಂಡಿಲ್ಲ. ಸೊಸೆ ನನ್ನ ಮೊಣಕೈ ಚಿವುಟಿದರು, ಗುರುತು ವಾರವಿತ್ತು.

“ಕೂತ್ಕೊಳ್ಳಿ ಅಮ್ಮ,” ಎಂದಳು ಹುಡುಗಿ. “ಇನ್ನೊಂದಿದೆ.”

ಮತ್ತೆ ಕೀಲಿಗಳ ಸದ್ದು. ಪಾಸ್‌ವರ್ಡ್ ತಪ್ಪಿತು. ತೆರೆಯ ಮೇಲೆ ಎಂದೂ ಬಾರದ ತಿಂಗಳು, ಯಾವ ಗಡಿಯಾರದಲ್ಲೂ ಇಲ್ಲದ ಹೊತ್ತು ಬಂದು ಕೂತವು. ಜೋಯಿಸರು ಕನ್ನಡಕ ಸರಿಪಡಿಸಿಕೊಂಡು, “ಈ ಹೊತ್ತಲ್ಲಿ ಹುಟ್ಟೋರು ಇನ್ನೂ ಹುಟ್ಟಿಲ್ಲ ಕಣಮ್ಮ. ನಿಧಾನವಾಗಿ ಒತ್ತು,” ಎಂದರು. ಅವಳು ಇನ್ನೊಮ್ಮೆ ಒತ್ತಿದಳು. ಗೋಜಲು ಕರಗಿ ಅಂಕಿಗಳು ಒಂದೊಂದಾಗಿ ಮೂಡಿದವು. ನಾನು ಬರೆದ ಯಾವ ಪ್ರೋಗ್ರಾಮೂ ಅಷ್ಟು ಚಂದವಾಗಿ ಓಡಿಲ್ಲ.

“ಇದು ಮೊದ್ಲು ಬರೆಸಿದ್ದು. ಏಳನೇ ಮನೇಲಿ ಕುಜ. ನಿಮಗೆ ಕೊಟ್ಟಿರೋದು ಆಮೇಲೆ ಬರೆಸಿದ್ದು. ಯಾವ್ದು ನಿಜ ಅಂತ ನಂಗೆ ಗೊತ್ತಿಲ್ಲ ಅಮ್ಮ. ನಮ್ಮಮ್ಮನ್ನ ಬೈಬೇಡಿ, ಹೆದರಿಕೊಂಡು ಮಾಡಿದ್ದಾರೆ. ಬೇಡ ಅಂದ್ರೆ ನಂಗೇ ಹೇಳಿ, ಅವ್ರಿಗೆ ನಾನು ಹೇಳ್ಕೋತೀನಿ.”

ಹುಡುಗನ ತಾಯಿ ತೆರೆಯ ಹತ್ತಿರ ಮುಖ ಒಯ್ದರು. “ಏಳರಾಗೇನ?” ಎಂದರು. ಜೋಯಿಸರ ಕಡೆ ತಿರುಗಿದರು. “ಏಳರಾಗ ಐತಲ್ರೀ!” ಎರಡೂ ಕೈಯಲ್ಲಿ ಹುಡುಗಿಯ ಕೆನ್ನೆ ನೀವಿ ನೆಟಿಗೆ ಮುರಿದರು. “ಯವ್ವಾ, ಮೊದಲ ಹೇಳಬಾರದಾಗಿತ್ತೇನ? ನನ್ನ ಜೀವಾ ತಿಂದ್ಯಲ್ಲ!”

ಅವಳು ಕಕ್ಕಾಬಿಕ್ಕಿಯಾಗಿ ನಮ್ಮೆಲ್ಲರ ಮುಖ ನೋಡಿದಳು. ಸೊಸೆ ತಡೆಯಲಾರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು: ಹುಡುಗನ ಎಂಟನೇ ಮನೆ, ತಾಯಿಯ ಅಂಜಿಕೆ, ಜೋಯಿಸರು ಹಾಕಿದ ಕಟ್ಟು.

ನಾನು ನಗು ಬರಬಹುದೆಂದು ಕಾದೆ. ಬಂದದ್ದು ಸಿಟ್ಟು. “ಅಂದ್ರೆ ನಾನು ನಡುಗ್ತಾ ಕೂತಿದ್ದಾಗ ನಿಮಗೆಲ್ಲಾ ಗೊತ್ತಿತ್ತು? ಗೋಡೆ ನೋಡ್ಕೊಂಡು ನಿಂತಿದ್ರಿ?” ಎಂದು ನನ್ನ ಕಡೆ ಬೊಟ್ಟು ಮಾಡಿದಳು. “ಬೀಗ ಹಾಕ್ಕೊಟ್ಟೋರು ನೀವು, ನೀವೂ?”

“ನಿನ್ನ ಬೀಗಾನೇ ಕಣಮ್ಮ ನಾವು ಕಾದಿದ್ದು,” ಎಂದರು ಜೋಯಿಸರು.

ಅವಳು ಒಂದು ಲೋಟ ನೀರು ಕುಡಿದಳು. ಬಳಿಕ ಹುಡುಗನ ತಾಯಿಯ ಮುಂದೆ ಕೈ ಚಾಚಿದಳು. “ನಂದು ನೋಡಿದ್ರಲ್ಲ. ಈಗ ಅವರದ್ದು ತೋರ್ಸಿ.”

ಆ ತಾಯಿ ಚೀಲಕ್ಕೆ ಕೈ ಹಾಕಿದರು. ಹಾಕಿದವರು ಅಲ್ಲೇ ನಿಂತರು. ಮುಖದಲ್ಲಿ ಹುಡುಗುತನದ ಕುಚೇಷ್ಟೆ. “ನಂಗೂ ಪರ್ಮಿಷನ್ ಇಲ್ಲವ್ವ. ಹುಟ್ಟಿದಾಂವ ಅಂವ. ಅವನ್ನ ಕೇಳು.”

“ಕೇಳ್ತೀನಿ,” ಎಂದು ಅವಳು ಅಲ್ಲೇ ಫೋನು ಎತ್ತಿಕೊಂಡು ಅವನ ಆಫೀಸಿನ ನಂಬರು ತಿರುಗಿಸಿದಳು. “ನಾನು. ಹಲಸೂರಲ್ಲಿದ್ದೀನಿ, ನಿಮ್ಮಮ್ಮನೂ ಇದ್ದಾರೆ. ಗಾಬ್ರಿ ಬೇಡ. ನಿಮ್ಮ ಎಂಟನೇ ಮನೇಲಿ ಯಾರಿದ್ದಾರೆ ಅಂತ ನಿಮಗೆ ಗೊತ್ತಾ? ಇಲ್ವಾ? ನಂಗೂ ಇವತ್ತೇ ಗೊತ್ತಾಗಿದ್ದು. ಇಲ್ಲಿ ಕೇಳಿ, ನಿಮ್ಮ ಜಾತಕ ನಾನು ನೋಡ್ಬಹುದಾ?”

ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಕಿವಿಯವರೆಗೂ ಕೆಂಪಾದಳು. ಕೊನೆಗೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, “ನೋಡು ಅಂದ್ರು,” ಎಂದಳು. “ಅಮ್ಮ ಕೊಡ್ಲಿ ಅಂದ್ರು.”

“ಇಷ್ಟು ದಿನ ನನ್ನ ಕೇಳಿ ನೀರು ಕುಡಿತಿದ್ದಾಂವ ನೋಡ್ರಿ,” ಎನ್ನುತ್ತ ಹುಡುಗನ ತಾಯಿ ಅರಿಶಿನ ಹಚ್ಚಿದ ಹಾಳೆಯನ್ನು ಚೀಲದಿಂದ ತೆಗೆದರು. ಸುಕ್ಕನ್ನು ತೊಡೆಯ ಮೇಲಿಟ್ಟು ಸವರಿದರು. ಅವಳ ಚಾಚಿದ ಕೈಯ ಮೇಲಿಟ್ಟು ಬೆರಳುಗಳನ್ನು ತಾವೇ ಮಡಚಿದರು.

“ತಗೋ. ತಿರುಗಿ ಕೊಡಬ್ಯಾಡ. ಇನ್ನ ಅವನ ಕಾಗದಪತ್ರ ಎಲ್ಲಾ ನಿನ್ನ ಕಡೇನ ಇರ್ಲಿ.”